ದಾರಿಯ ನಡುವಣ ಮಹಾನಗರ

ಶಿವಮೊಗ್ಗೆಯ ಸೀಮೆಯ ವಾಚಕ ಮಹಾಶಯರೊಬ್ಬರು ಬರೆದಿರುವ ಕಾಗದವೊಂದು ನಮ್ಮ ಮುಂದೆ ಇದೆ. ಬರುವ ದಸರೆಯ ರಜಾಕಾಲದಲ್ಲಿ ತಮ್ಮ ಮಾತೃಶ್ರೀಯವರು, ಧರ್ಮಪತ್ನಿ, ಮಕ್ಕಳಿಬ್ಬರು ಇವರೊಡನೆ ಹೊರಟು ಪುರಿ, ಕಲ್ಕತ್ತೆ, ಗಯೆ, ಕಾಶಿ, ಪ್ರಯಾಗ, ಆಗ್ರಾ, ದೆಹಲಿ ಇಷ್ಟನ್ನೂ ಹದಿನಾಲ್ಕು ದಿನಗಳಲ್ಲಿ ಮುಗಿಸಿ ಹಿಂದಿರುಗಬೇಕೆಂಬುದು ಅವರ ಸಂಕಲ್ಪ. ಮಾತೃಶ್ರೀಯವರಿಗೆ ಎಪ್ಪತ್ತನಾಲ್ಕು ವರ್ಷ. ಪ್ರಯಾಣದ ಕ್ರಮವನ್ನು ಗೆರೆಯೆಳೆದು ಕೋಷ್ಟಕ ಮಾಡಿ ಕಳುಹಿಸಿ, ನಮ್ಮ ಅಭಿಪ್ರಾಯವನ್ನು ಕೇಳಿದ್ದಾರೆ.

ಕೋಷ್ಟಕವನ್ನು ನೋಡಿದೆವು. ಪುರಿಗೆ ಎರಡು ರಾತ್ರಿ, ಕಾಶಿಗೆ ಮೂರು. ಇವೆಲ್ಲ ಯುಕ್ತವಾಗಿಯೇ ಇವೆ. ಕಲ್ಕತ್ತೆಗೆ ಮಾತ್ರ ರಾತ್ರಿಯೇ ಇಲ್ಲ. ಪುರಿಯ ಗಾಡಿಯಿಂದ ಬೆಳಗ್ಗೆ ಹೌರಾದಲ್ಲಿ ಇಳಿಯುವುದು. ಕಾಳೀಘಟ್ಟ, ವಿಕ್ಟೋರಿಯಾ ಸ್ಮಾರಕ, ಆಲಿಪುರದ ಮೃಗಶಾಲೆ, ದಕ್ಷಿಣೇಶ್ವರ, ಬೇಲೂರು ಮಠ, ಸೀರೆಯ ವ್ಯಾಪಾರ ಎಲ್ಲವನ್ನೂ ತೀರಿಸಿ ಅಂದೇ ರಾತ್ರಿ ಗಯೆಯ ಗಾಡಿ ಹತ್ತುವುದು. ಕಾಗದದ ಕೊನೆಯಲ್ಲಿ, ಸಹಿಗೂ ಕೆಳಗೆ, ಒಂದು ಸಾಲು ಉಂಟು: “ತಾಯಿಯವರು ಒಂದೆರಡು ಸಲ ಗಂಗಾಸಾಗರವೆಂದರು, ಪುರಸೊತ್ತು ಸಾಲದೆಂದು ಅದನ್ನು ಬಿಟ್ಟಿದ್ದೇವೆ.”

ನಾವು ಈ ತಿಂಗಳು ಬರೆಯುವುದೆಲ್ಲ ಆ ಒಂದು ಸಾಲಿನಿಂದಲೇ ಹುಟ್ಟಿದೆಯೆಂದು ಹೇಳಬಹುದು.

ಹಲವು ಸ್ಥಳಗಳ ಯಾತ್ರೆಯನ್ನು ಗೊತ್ತುಮಾಡುವವರು ಸಾಮಾನ್ಯವಾಗಿ ಕ್ಷೇತ್ರಗಳಿಗೆ ಮೊದಲು ದಿನಗಳನ್ನು ಹಂಚಿ, ಮಹಾನಗರಕ್ಕೆ ಉಳಿದುದನ್ನು ಹಾಕುತ್ತಾರೆ. ಗಾಡಿ ಬದಲಾಯಿಸುವ ಊರಲ್ಲವೇ, ಬಿಡುವಾದಷ್ಟು ನೋಡಿದರಾಯಿತು ಎಂಬ ಭಾವನೆ. ನಮ್ಮ ಎಣಿಕೆ ಇದಕ್ಕೆ ವಿರುದ್ಧವಾದದ್ದು. ಚಿಕ್ಕ ಕ್ಷೇತ್ರದಲ್ಲಿ ಅರ್ಧ ದಿನ ಕಳೆದುಹೋದರೂ ಸಂಜೆಗೆ ದೇವಾಲಯವು ಕಾಲ್ನಡಿಗೆಯಲ್ಲೇ ಸಿಕ್ಕುತ್ತದೆ. ಮಹಾನಗರದಲ್ಲಿ ಹಾಗಲ್ಲ. ಅಲ್ಲಿ ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗುವುದೇ ಒಂದು ಪ್ರಯಾಣ. ಕಾಳೀಘಟ್ಟವು ನಗರದ ದಕ್ಷಿಣಕ್ಕೆ, ದಕ್ಷಿಣೇಶ್ವರವು ಉತ್ತರದ ಅಂಚಿಗೆ, ಬೇಲೂರು ಮಠವು ನದಿಯ ಆಚೆಯ ದಡಕ್ಕೆ. ಮಧ್ಯಾಹ್ನ ದಕ್ಷಿಣೇಶ್ವರದಲ್ಲಿಯೂ ಬೇಲೂರಿನಲ್ಲಿಯೂ ಬಾಗಿಲು ಹಾಕುತ್ತಾರೆ. ವಸ್ತುಸಂಗ್ರಹಾಲಯಕ್ಕೂ ವಿಕ್ಟೋರಿಯಾ ಸ್ಮಾರಕದ ಒಳಾಂಗಣಕ್ಕೂ ಸೋಮವಾರ ರಜಾ, ಮೃಗಶಾಲೆಗೆ ಗುರುವಾರ ರಜಾ. ಇವನ್ನೆಲ್ಲ ಗಣನೆಗೆ ತಂದರೆ ಮಿತ್ರರ ಒಂದು ದಿನದಲ್ಲಿ ಅವರು ಸಮಗ್ರವಾಗಿ ನೋಡುವುದು ಬಾಡಿಗೆ ಮೋಟಾರಿನ ಒಳಭಾಗವನ್ನೇ. ಎರಡು ರಾತ್ರಿ ಸತತವಾಗಿ ರೈಲಿನಲ್ಲಿ ಮಲಗಿ, ನಡುವಣ ಹಗಲೆಲ್ಲ ಬೀದಿಯಲ್ಲಿ ಕಳೆದ ವೃದ್ಧರು ಗಯೆಯಲ್ಲಿ ಇಳಿಯುವಾಗ ಯಾವ ಸ್ಥಿತಿಯಲ್ಲಿರುವರೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಗಯೆಯಲ್ಲಿ ಅವರಿಗೆ ಪಿತೃಕಾರ್ಯ ಕಾದಿದೆ. ಅದು ಕುಳಿತು ನೋಡುವ ಕೆಲಸವಲ್ಲ.

ಆದಕಾರಣ ನಮ್ಮ ಮೊದಲನೆಯ ಸೂಚನೆ, ಆಗ್ರಾ ದೆಹಲಿಗಳನ್ನು ಈ ಸಲ ಕೈಬಿಡತಕ್ಕದ್ದು. ಮಕ್ಕಳು ಮುಖ ಚಿಕ್ಕದು ಮಾಡಬಹುದು. ಆದರೆ ತಾಜಮಹಲು ಅವರಿಗಾಗಿ ಇನ್ನೂ ಐವತ್ತು ವರ್ಷ ಕಾಯುತ್ತದೆ, ಅಜ್ಜಿ ಕಾಯುವ ಹಾಗಿಲ್ಲ. ವೃದ್ಧರಿರುವ ಒಂದು ಯಾತ್ರೆಗೆ ಒಂದು ಮಹಾನಗರ ಸಾಕು. ಹಾಗೆ ಉಳಿದ ದಿನಗಳನ್ನು ಕಲ್ಕತ್ತೆಗೆ ಸೇರಿಸಿ, ಅಲ್ಲಿ ಮೂರು ರಾತ್ರಿ ತಂಗುವಂತೆ ಮಾಡಿದರೆ ಗಂಗಾಸಾಗರಕ್ಕೂ ಎಡೆಯಾಗುತ್ತದೆ. ಪ್ರಯಾಗವನ್ನು ಕಾಶಿಯಿಂದ ಹೋಗಿಬರಬಹುದು. ಹಿಂದಿರುಗುವಾಗ ಕಾಶಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಬರುವ ಶಕ್ತಿಯಿದ್ದರೆ ಎರಡು ದಿನದ ಆಯಾಸ ತಪ್ಪುತ್ತದೆ.

ಕಾಲದ ವಿಷಯವಾಗಿ ಒಂದು ಮಾತು. ನಮ್ಮ ದಸರೆಯ ರಜವೂ ಬಂಗಾಳದ ದುರ್ಗಾಪೂಜೆಯೂ ಒಂದೇ ಕಾಲ. ಆ ಉತ್ಸವವು ಲೋಕಪ್ರಸಿದ್ಧವಾದದ್ದೇ; 2021ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಸಪ್ತಮಿಯಿಂದ ನವಮಿಯವರೆಗೆ ಆ ನಗರದ ಬೀದಿಗಳಲ್ಲಿ ರಾತ್ರಿಯೆಲ್ಲ ಜನಸಮುದ್ರ. ತರುಣರು ಅದನ್ನೇ ನೋಡಲೆಂದು ಹೋಗಲಿ, ನಮಗೆ ಸಂತೋಷ. ಕೈಹಿಡಿದು ನಡೆಸಬೇಕಾದವರೊಡನೆ ಹೋಗುವವರು ಮನೆಯಲ್ಲಿಯೇ ಬನ್ನಿ ವಿನಿಮಯ ಮುಗಿಸಿ, ಏಕಾದಶಿಯ ದಿನ ಊರು ಬಿಡುವುದು ಒಳ್ಳೆಯದು. ಪುರಿಯಲ್ಲಿ ಎರಡು ರಾತ್ರಿಯಿದ್ದು ಹುಣ್ಣಿಮೆಯ ಸುಮಾರಿಗೆ ಕಲ್ಕತ್ತೆಯನ್ನು ಸೇರಿದರೆ, ಬಂಗಾಳಿಗಳ ಮನೆಮನೆಯಲ್ಲಿ ಕೋಜಾಗರಿ ಲಕ್ಷ್ಮೀಪೂಜೆ ನಡೆಯುತ್ತಿರುತ್ತದೆ, ಗದ್ದಲ ತಗ್ಗಿರುತ್ತದೆ. ಆಶ್ವಯುಜದಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳ ಭಯ ಇಲ್ಲವೆನ್ನಲಾಗದು. ಹವಾಮಾನದ ವರ್ತಮಾನವನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಬೇಕು.

ಬಿಡಾರವನ್ನು ಎಲ್ಲಿ ಮಾಡಬೇಕೆಂಬುದು ಮಹಾನಗರದಲ್ಲಿ ಮುಖ್ಯವಾದ ಪ್ರಶ್ನೆ. ಅನೇಕರು ನಿಲ್ದಾಣಕ್ಕೆ ಹತ್ತಿರವೆಂದು ಹೌರಾದಲ್ಲಿಯೇ ಇಳಿದುಕೊಳ್ಳುತ್ತಾರೆ. ಹೌರಾ ಎಂಬುದು ಬೇರೆ ಊರು, ನದಿಯ ಪಶ್ಚಿಮದ ದಡದಲ್ಲಿರುವುದು. ನಗರಕ್ಕೆ ಪ್ರತಿಸಲ ಹೊಳೆ ದಾಟಬೇಕು. ನಾವಾದರೆ ದಕ್ಷಿಣದಲ್ಲಿ ಲೇಕ್ ಮಾರ್ಕೆಟ್ಟಿನ ಆಸುಪಾಸಿನಲ್ಲಿ ಕೊಠಡಿ ಹಿಡಿಯುತ್ತೇವೆ. ದಕ್ಷಿಣದೇಶದವರು ಬಹುಕಾಲದಿಂದ ನೆಲಸಿರುವ ಭಾಗವದು. ಕರಿಬೇವು, ಬಾಳೆಯೆಲೆ, ಮಲ್ಲಿಗೆ ಸಂತೆಯಲ್ಲಿ ಸಿಕ್ಕುತ್ತವೆ. ಇಡ್ಲಿ ಸಾರುಗಳ ಶಾಕಾಹಾರದ ಹೋಟೆಲುಗಳುಂಟು. ಸಾಸಿವೆಯೆಣ್ಣೆಯ ವಾಸನೆಯೇ ಒಗ್ಗದ ವೃದ್ಧರಿಗೆ ಇದು ಅಲ್ಪ ವಿಷಯವಲ್ಲ. ಕಾಳೀಘಟ್ಟದ ಮೆಟ್ರೋ ನಿಲ್ದಾಣವೂ ಅಲ್ಲಿಗೆ ಸಮೀಪ.

ಈ ಮೆಟ್ರೋವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹಿಂದೆ ಕಲ್ಕತ್ತೆಗೆ ಹೋಗಿಬಂದ ಹಿರಿಯರ ಅನುಭವವು ಈಗ ಪೂರ್ತಿಯಾಗಿ ಸಲ್ಲದಿರುವುದು ಇದರಿಂದಲೇ. ಭಾರತದಲ್ಲಿ ನೆಲದಡಿಯ ರೈಲು ಮೊದಲು ಓಡಿದ್ದು ಅಲ್ಲಿಯೇ, 1984ರಲ್ಲಿ. ಆ ಮೊದಲನೆಯ ಮಾರ್ಗವು ಬೆಳೆದು 2021ರಲ್ಲಿ ಉತ್ತರದ ದಕ್ಷಿಣೇಶ್ವರವನ್ನು ಮುಟ್ಟಿತು. ಆದ್ದರಿಂದ ಕಾಳೀಘಟ್ಟದಲ್ಲಿ ಹತ್ತಿದವರು ನಡುವೆ ಎಲ್ಲಿಯೂ ಇಳಿಯದೆ ದಕ್ಷಿಣೇಶ್ವರದಲ್ಲಿ ಇಳಿಯಬಹುದು. 2024ರ ಮಾರ್ಚಿಯಲ್ಲಿ ಹೌರಾದಿಂದ ಎಸ್ಪ್ಲನೇಡಿಗೆ ಹೂಗ್ಲಿ ನದಿಯ ತಳದಲ್ಲಿ ಸುರಂಗ ತೆರೆಯಿತು. ನದಿಯಡಿಯ ಭಾಗ ಸುಮಾರು 520 ಮೀಟರು, ಒಂದು ನಿಮಿಷದೊಳಗೆ ದಾಟಿಹೋಗುತ್ತದೆ. ಗಂಗೆಯ ಕೆಳಗೆ ಹಾದುಹೋಗುವುದು ಶಾಸ್ತ್ರಸಮ್ಮತವೇ ಎಂದು ಯಾರಾದರೂ ಕೇಳಿದರೆ ಉತ್ತರ ನಮ್ಮಲ್ಲಿಲ್ಲ. ತಾಯಿಯವರಿಗೆ ಮನಸ್ಸು ಒಪ್ಪದಿದ್ದರೆ ಹೌರಾದ ಕಡವಿನಿಂದ ಯಾಂತ್ರಿಕ ದೋಣಿಗಳಿವೆ. 1943ರಲ್ಲಿ ತೆರೆದ ಉಕ್ಕಿನ ಮಹಾಸೇತುವೆಯನ್ನು ನೀರಿನ ಮೇಲಿಂದ ನೋಡುವುದೇ ಚೆನ್ನ. ನದಿಯ ನಡುವೆ ಒಂದೂ ಕಂಬವಿಲ್ಲದೆ ಅದು ನಿಂತಿರುವುದನ್ನು ಮಕ್ಕಳಿಗೆ ತೋರಿಸಬೇಕು. ಟ್ರಾಮು ಗಾಡಿಗಳನ್ನು ಮಾತ್ರ ನೆಚ್ಚಬಾರದು; 1902ರಿಂದ ವಿದ್ಯುತ್ತಿನಲ್ಲಿ ಓಡಿದ ಆ ಮಾರ್ಗಗಳು ಬಹುಮಟ್ಟಿಗೆ ನಿಂತುಹೋಗಿವೆ.

ಇನ್ನು ಗಂಗಾಸಾಗರ. ಸಗರನ ಮಕ್ಕಳು ಕಪಿಲ ಮಹರ್ಷಿಯ ಕೋಪದಿಂದ ಬೂದಿಯಾದುದು, ಭಗೀರಥನು ಗಂಗೆಯನ್ನು ತಂದು ಆ ಬೂದಿಯ ಮೇಲೆ ಹರಿಸಿದುದು, ಇದು ನಮ್ಮ ಮನೆಗಳ ಮಕ್ಕಳಿಗೂ ತಿಳಿದ ಕಥೆ. ಆ ಕಥೆ ಮುಗಿಯುವ ತಾಣವೇ ಸಾಗರದ್ವೀಪ. ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ, ರಘುವು ನೌಕಾಬಲದ ವಂಗರನ್ನು ಗೆದ್ದು ಗಂಗೆಯ ಪ್ರವಾಹಗಳ ನಡುವಣ ನೆಲದಲ್ಲಿ ಜಯಸ್ತಂಭಗಳನ್ನು ನೆಟ್ಟನೆಂದು ವರ್ಣಿಸುತ್ತಾನೆ. ಆ ಸೀಮೆಯ ದ್ವೀಪಗಳನ್ನು ನೋಡಿದವರಿಗೆ ಕವಿಯ ಮಾತಿನ ಯಥಾರ್ಥತೆ ಹೊಳೆಯುತ್ತದೆ. ಕಾಶಿಯಲ್ಲಿ ಗಂಗೆಯನ್ನು ನೋಡಹೊರಟ ವೃದ್ಧೆಯೊಬ್ಬರು ಅದು ಕಡಲನ್ನು ಸೇರುವ ಎಡೆಯನ್ನೂ ನೋಡಬೇಕೆಂದು ಆಸೆಪಟ್ಟರೆ ಅದು ಹಠವಲ್ಲ.

ಆದರೆ ದಾರಿ ಸುಲಭವಲ್ಲ. ನಗರದಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರು ಮೋಟಾರಿನಲ್ಲಿ ಹೋಗಿ, ಕಾಕದ್ವೀಪದ ಬಳಿಯ ಕಡವಿನಲ್ಲಿ ಇಳಿದು, ಮುಡಿಗಂಗಾ ಎಂಬ ಅಗಲವಾದ ಕವಲನ್ನು ದೋಣಿಯಲ್ಲಿ ದಾಟಿ, ಕಚುಬೇಡಿಯಾದಿಂದ ಮತ್ತೆ 30 ಕಿಲೋಮೀಟರು ಹೋದರೆ ಕಪಿಲಮುನಿಯ ದೇವಾಲಯ. ಹಿಂದಿನ ದೇವಾಲಯಗಳನ್ನು ಸಮುದ್ರವು ನುಂಗಿತು, ಈಗಿನದು ಹೊಸದು. ನದಿಯಲ್ಲಿ ಮರಳು ತುಂಬಿರುವ ಕಾರಣ ಇಳಿತದ ಹೊತ್ತಿನಲ್ಲಿ ದೋಣಿಗಳು ಕೆಲವು ಗಂಟೆ ನಿಲ್ಲುವುದುಂಟು. ಭರತದ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು. ಒಂದೇ ಹಗಲಿನಲ್ಲಿ ಹೋಗಿ ಬರುವವರಿದ್ದಾರೆ. ಎಪ್ಪತ್ತನಾಲ್ಕು ವರ್ಷದವರು ಹಾಗೆ ಮಾಡಲಾಗದು. ದ್ವೀಪದಲ್ಲಿ ಒಂದು ರಾತ್ರಿ ತಂಗಬೇಕು. ಮಕರಸಂಕ್ರಾಂತಿಯಲ್ಲಿ ಲಕ್ಷಾಂತರ ಜನ ನೆರೆಯುವ ಆ ದಡ ಆಶ್ವಯುಜದಲ್ಲಿ ಬಹಳ ಶಾಂತವಾಗಿರುತ್ತದೆ.

ಇಲ್ಲಿಯೇ ಯೋಜನೆಯ ಒಂದು ಮರ್ಮ ಅಡಗಿದೆ. ಸಾಗರವನ್ನು ಕಲ್ಕತ್ತೆಯ ಕೊನೆಯ ದಿನಕ್ಕೆ ಇಡಬಾರದು. ದೋಣಿ ನಿಂತರೆ ಗಯೆಯ ಗಾಡಿ ತಪ್ಪುತ್ತದೆ, ಗಯೆ ತಪ್ಪಿದರೆ ಕಾಶಿಯ ಬಿಡಾರ ಕೆಡುತ್ತದೆ, ಒಂದರ ಹಿಂದೆ ಒಂದರಂತೆ ಎಲ್ಲವೂ. ತಡವಾಗಬಹುದಾದುದು ಮೊದಲು, ತಡವಾಗಲಾರದುದು ಕೊನೆಗೆ. ಆದ್ದರಿಂದ ಇಳಿದ ದಿನ ಸ್ನಾನ, ಊಟ, ನಿದ್ರೆ. ಸಂಜೆ ಕಾಳೀಘಟ್ಟ ಮಾತ್ರ. ಮರುದಿನ ಮುಂಜಾನೆ ಸಾಗರಕ್ಕೆ ಹೊರಟು ಅಲ್ಲಿ ರಾತ್ರಿ ಕಳೆಯುವುದು. ಕಲ್ಕತ್ತೆಯ ಕೊಠಡಿಯನ್ನು ಆ ರಾತ್ರಿಗೂ ಉಳಿಸಿಕೊಂಡು ದೊಡ್ಡ ಗಂಟುಗಳನ್ನು ಅಲ್ಲಿಯೇ ಬಿಡಬಹುದು. ದುಡ್ಡು ದಂಡವೆಂದು ಕೆಲವರು ಅನ್ನುವರು, ಗಂಟನ್ನು ದೋಣಿಗೆ ಏರಿಸಿ ಇಳಿಸಿದವರು ಅನ್ನುವುದಿಲ್ಲ. ಮೂರನೆಯ ದಿನ ಹಿಂದಿರುಗಿ ವಿಶ್ರಾಂತಿ.

ನಾಲ್ಕನೆಯ ದಿನದ ಬೆಳಗ್ಗೆ ಮಕ್ಕಳದು. ಮೃಗಶಾಲೆಗಿಂತ ವಸ್ತುಸಂಗ್ರಹಾಲಯ ಮೇಲು ಎಂಬುದು ನಮ್ಮ ಮತ. 1814ರಲ್ಲಿ ಸ್ಥಾಪಿತವಾದುದು, ಭಾರ್ಹುತದ ಬೌದ್ಧಸ್ತೂಪದ ಕೆತ್ತನೆಯ ಕಟಾಂಜನವೂ ಮಕ್ಕಳು ಬೆರಗಾಗುವ ಮಿಸರದ ಶವವೂ ಅಲ್ಲಿವೆ. ಅದನ್ನು ಹುಟ್ಟಿಸಿದ ಏಷ್ಯಾಟಿಕ್ ಸೊಸೈಟಿಯನ್ನು 1784ರಲ್ಲಿ ಕಟ್ಟಿದವರು ವಿಲಿಯಂ ಜೋನ್ಸರು. ಶಾಕುಂತಲವನ್ನು 1789ರಲ್ಲಿ ಇಂಗ್ಲಿಷಿಗೆ ತಂದವರೂ ಅವರೇ. ಸಂಸ್ಕೃತದ ಅಭಿಮಾನವುಳ್ಳ ಗೃಹಸ್ಥರಿಗೆ ಇನ್ನೊಂದು ಗಂಟೆ ದೊರೆತರೆ, 1824ರ ಸಂಸ್ಕೃತ ಕಾಲೇಜಿನ ಮುಂದೆ ನಿಂತು ಬರಲಿ. ಈಶ್ವರಚಂದ್ರ ವಿದ್ಯಾಸಾಗರರು ಅಲ್ಲಿ ಅಧ್ಯಕ್ಷರಾಗಿದ್ದರು. ವಿಧವಾ ವಿವಾಹಕ್ಕೆ 1856ರ ಕಾನೂನು ಆದದ್ದು ಅವರ ಪ್ರಯತ್ನದಿಂದ. ಬದಿಯ ಬೀದಿಯಲ್ಲಿ ಫರ್ಲಾಂಗುಗಟ್ಟಲೆ ಪುಸ್ತಕದ ಅಂಗಡಿಗಳು, ಬಿ. ವೆಂಕಟಾಚಾರ್ಯರ ಲೇಖನಿಯಿಂದ ಬಂಕಿಮಚಂದ್ರರನ್ನು ಕನ್ನಡದಲ್ಲಿ ಓದಿದ ಮನೆತನಗಳಿಗೆ ಆ ಬೀದಿ ಪೂರಾ ಪರಸ್ಥಳವಲ್ಲ. ಸೀರೆಯ ವ್ಯಾಪಾರಕ್ಕೆ ನಾವು ಹೊತ್ತನ್ನು ಗೊತ್ತುಮಾಡುವುದಿಲ್ಲ. ಅದು ತಾನಾಗಿಯೇ ಹೊತ್ತನ್ನು ಹುಡುಕಿಕೊಳ್ಳುತ್ತದೆ.

ಮಧ್ಯಾಹ್ನ ಗಂಟುಗಳನ್ನು ಹೌರಾ ನಿಲ್ದಾಣದ ಸಾಮಾನು ಕೊಠಡಿಯಲ್ಲಿ ಒಪ್ಪಿಸಿ, ಬಾಗಿಲು ತೆರೆಯುವ ಹೊತ್ತಿಗೆ ದಕ್ಷಿಣೇಶ್ವರಕ್ಕೆ ಹೋಗಬೇಕು. ರಾಣಿ ರಾಸಮಣಿಯವರು 1855ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವಾಲಯ. ನದಿಯ ಕಡೆಗೆ ಹನ್ನೆರಡು ಶಿವನ ಗುಡಿಗಳು. ಪರಮಹಂಸರ ಕೋಣೆಯೂ ಶಾರದಾದೇವಿಯವರು ವಾಸಿಸಿದ ಕಿರಿದಾದ ನಹಬತ್ತಿನ ಕೊಠಡಿಯೂ ಅಲ್ಲಿಯೇ. ಆ ಕೊಠಡಿಯ ಇಕ್ಕಟ್ಟನ್ನು ಹೆಂಗಸರು ತಪ್ಪದೆ ನೋಡಬೇಕು. ಕುವೆಂಪು ಅವರು ಬರೆದ ಪರಮಹಂಸರ ಮತ್ತು ವಿವೇಕಾನಂದರ ಚರಿತ್ರೆಗಳನ್ನು ಹೊರಡುವ ಮೊದಲು ಮನೆಯಲ್ಲಿ ಒಬ್ಬರು ಓದಿ ಉಳಿದವರು ಕೇಳಿದರೆ, ನೋಡುವ ಕಣ್ಣೇ ಬೇರೆಯಾಗುತ್ತದೆ. ಅಲ್ಲಿಂದ ದೋಣಿಯಲ್ಲಿ ಬೇಲೂರು ಮಠಕ್ಕೆ. 1938ರಲ್ಲಿ ಪ್ರತಿಷ್ಠಿತವಾದ ಆ ಮಂದಿರದ ಸಂಜೆಯ ಆರತಿಯನ್ನು ಕುಳಿತು ನೋಡುವುದು. ಬೇಲೂರು ಇರುವುದು ಹೌರಾದ ದಡದಲ್ಲಿಯೇ. ಮೋಟಾರಿನಲ್ಲಿ ನೇರವಾಗಿ ನಿಲ್ದಾಣಕ್ಕೆ ಹೋಗಬಹುದು, ಹೊಳೆ ದಾಟಬೇಕಾಗಿಲ್ಲ. ಗಯೆಗೆ ಹತ್ತು ಗಂಟೆಯ ಅನಂತರದ ಗಾಡಿಯನ್ನೇ ಹಿಡಿಯತಕ್ಕದ್ದು. ಹೌರಾ ನಿಲ್ದಾಣದಲ್ಲಿ ಹಳೆಯದು ಹೊಸದು ಎಂದು ಎರಡು ಭಾಗಗಳಿವೆ. ಪುರಿಯಿಂದ ಬಂದಿಳಿದ ಭಾಗದಿಂದಲೇ ಗಯೆಯ ಗಾಡಿ ಹೊರಡುವುದೆಂದು ಭಾವಿಸಬಾರದು.

ಇಷ್ಟನ್ನು ಬರೆದೆವಾದರೂ, ತಾಯಿಯವರನ್ನು ಕುಳ್ಳಿರಿಸಿಕೊಂಡು ದೋಣಿಯ ವಿಷಯ, ರಾತ್ರಿ ತಂಗುವ ವಿಷಯ ಎಲ್ಲವನ್ನೂ ಮುಚ್ಚದೆ ಹೇಳಿ ಕೇಳಬೇಕು. ಅವರು ಬೇಡವೆಂದರೆ ಆ ಎರಡು ದಿನಗಳನ್ನು ಕಾಶಿಗೆ ಸೇರಿಸಲಿ. ಮಕ್ಕಳ ದಾಕ್ಷಿಣ್ಯಕ್ಕೆ ಬೇಡವೆನ್ನುವ ತಾಯಂದಿರೂ ಇದ್ದಾರೆ. ಅದನ್ನು ಮಗನೇ ಗುರುತಿಸಬೇಕು, ನಾವಲ್ಲ. ಕೇಳುವುದಕ್ಕೆ ಬಹಳ ಕಾಲವೂ ಇಲ್ಲ. 2024ರ ನವೆಂಬರಿನಿಂದ ರೈಲಿನ ಸ್ಥಳವನ್ನು ಅರವತ್ತು ದಿನ ಮೊದಲಿನಿಂದ ಮಾತ್ರ ಕಾದಿರಿಸುತ್ತಾರೆ. ವಿಜಯದಶಮಿಯ ಮರುದಿನದ ಗಾಡಿಗೆ ಶ್ರಾವಣಶುದ್ಧ ದಶಮಿಯ ಸುಮಾರಿಗೆ ಅವಕಾಶ ತೆರೆಯುತ್ತದೆ. ವರಮಹಾಲಕ್ಷ್ಮಿಯ ಸಡಗರ ಎಷ್ಟೇ ಇರಲಿ, ಆ ದಿನ ಬೆಳಗ್ಗೆ ಎಂಟು ಗಂಟೆಗೆ ಮನೆಯವರಲ್ಲಿ ಒಬ್ಬರು ಅದಕ್ಕಾಗಿಯೇ ಕುಳಿತಿದ್ದು, ತಾಯಿಯವರಿಗೆ ಕೆಳಗಿನ ಮಲಗುವ ಸ್ಥಳವನ್ನೇ ಕೇಳಿ ಪಡೆಯಬೇಕು.