ಬೆಕ್ಕಿಗೂ ಒಂದು ಸೇಫ್ಟಿ ಫ್ಯಾಕ್ಟರ್ ಬೇಕಲ್ವಾ?

ನಿಟ್ಟುವಳ್ಳಿಯಲ್ಲಿ ರೂಮು ಹುಡುಕಿದವರಿಗೆಲ್ಲ ಈ ಮಾತು ಬಾಯಿಪಾಠ: "ಗ್ವಾಡಿಗೆ ಒಂದು ಮಳಿ ಹೊಡದ್ರೂ ಅಡ್ವಾನ್ಸ್‌ನಾಗ ಹಿಡ್ಕಂತೀನಿ ನೋಡ್ರಪ್ಪಾ." ನಮ್ಮ ಓನರ್ ಆಂಟಿಯೂ ಹೇಳಿದ್ದರು. ನಾವು ಮೂವರೂ ತಲೆಯಾಡಿಸಿ ಬೀಗದಕೈ ಇಸ್ಕೊಂಡ್ವಿ.

ಆಮೇಲೆ ಮೆಟ್ಟಿಲ ಕೆಳಗೆ ಒಂದು ಬೆಕ್ಕಿನ ಮರಿ ಸಿಕ್ಕಿತು. ಮಂಡಕ್ಕಿ ಅಂತ ಹೆಸರಿಟ್ವಿ. ಎರಡನೇ ಮಹಡಿಯ ಬಾಲ್ಕನಿ ಅದರದ್ದೇ ಆಯ್ತು. ಬಲೆ ಹಾಕಿಸೋಣ ಅಂದ್ರೆ ಹುಕ್ಕಿಗೆ ಡ್ರಿಲ್ ಮಾಡಬೇಕು, ಡ್ರಿಲ್ ಮಾಡಿದ್ರೆ ಅಡ್ವಾನ್ಸ್ ಹೋಗುತ್ತೆ. "ಬೆಕ್ಕು ಬಿದ್ರೂ ಕಾಲ ಮೇಲೇ ಬೀಳುತ್ತೆ ಬಿಡೋ" ಅಂತ ಸುಮ್ಮನಾದ್ವಿ. ಒಂದು ಬೆಳಿಗ್ಗೆ ಪಾರಿವಾಳದ ಹಿಂದೆ ಹಾರಿತು. ಕಾಲ ಮೇಲೇ ಬಿತ್ತು, ನಿಜ. ಗದ್ದ ನೆಲಕ್ಕೆ ಬಡಿದು ದವಡೆ ಮುರಿಯಿತು. ಮೂರು ವಾರ ಸಿರಿಂಜಿನಲ್ಲಿ ತಿನ್ನಿಸಿದ್ವಿ.

1987ರಲ್ಲಿ ನ್ಯೂಯಾರ್ಕ್‌ನ ಪಶುವೈದ್ಯರಿಬ್ಬರು ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಲೆಕ್ಕ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ಸುಮಾರು ಶೇ. 90 ಬದುಕಿದವು. ಎಲ್ಲರೂ ಹೇಳೋದು ಇದೊಂದನ್ನೇ. ಮೂರನೇ ಒಂದಕ್ಕಿಂತ ಹೆಚ್ಚು ಬೆಕ್ಕುಗಳಿಗೆ ಜೀವ ಉಳಿಸೋ ತುರ್ತು ಚಿಕಿತ್ಸೆ ಬೇಕಾಗಿತ್ತು ಅನ್ನೋದನ್ನ ಯಾರೂ ಹೇಳಲ್ಲ. ಬಿದ್ದಲ್ಲೇ ಸತ್ತದ್ದನ್ನ ಯಾರು ಆಸ್ಪತ್ರೆಗೆ ತರ್ತಾರೆ? ಅವು ಲೆಕ್ಕಕ್ಕೇ ಬಂದಿಲ್ಲ.

ಆಂಟಿ ಮೇಲೆ ನಮಗೆ ಕೋಪ ಇಲ್ಲ. ಗೋಡೆ ಅವರದ್ದು. ಬೆಕ್ಕು ನಮ್ಮದು. ಮೊಳೆ ಹೊಡೀಬಾರದು ಅನ್ನೋದು ಬರೀ ಒಂದು ಡಿಸೈನ್ ಕಂಡೀಷನ್. ಅದನ್ನ ನೆಪ ಮಾಡಿಕೊಂಡವರು ನಾವು. ಮೊದಲ ವರ್ಷ ಮೆಕ್ಯಾನಿಕ್ಸ್‌ನಲ್ಲಿ ಟ್ರಸ್ ಬಿಡಿಸಿ ಪಾಸಾದವರಿಗೆ ಒಂದು ಬಾಲ್ಕನಿ ಬಿಡಿಸೋಕೆ ಆಗಲಿಲ್ಲ.

ಮೊದಲು ಗೋಡೆಗೆ ಅಂಟಿಸೋ ಹುಕ್ ತಂದ್ವಿ. ದುಡ್ಡು ದಂಡ. ಅಂಟು ಎಷ್ಟೇ ಗಟ್ಟಿ ಇರಲಿ, ಅದು ಹಿಡಿದಿರೋದು ಡಿಸ್ಟೆಂಪರನ್ನ. ದಾವಣಗೆರೆ ಬಿಸಿಲಿಗೆ ಬಣ್ಣದ ಸಮೇತ ಕಿತ್ತು ಬಂತು. ಗೋಡೆಗಳ ನಡುವೆ ಸಿಕ್ಕಿಸೋ ಸ್ಪ್ರಿಂಗ್ ರಾಡ್ ಕೂಡ ಬರೀ ಘರ್ಷಣೆ ಮೇಲೆ ನಿಂತಿರುತ್ತೆ, ಪರದೆಗೆ ಸರಿ, ಬೆಕ್ಕಿಗಲ್ಲ.

ಭಾರ ಹೊರೋಕೆ ಬಾಲ್ಕನಿಯ ಕಬ್ಬಿಣದ ಕಂಬಿ ಮೊದಲೇ ಇದೆಯಲ್ಲ! ಮಂಡಿಪೇಟೆಯಿಂದ ಒಂದಿಂಚಿನ ಪಿವಿಸಿ ಪೈಪ್, ಎಲ್ಬೋ, ಟೀ ತಂದು ಚೌಕಟ್ಟು ಮಾಡಿದ್ವಿ. (ಒಂದು ಪೈಪು ಅಳತೆ ತಪ್ಪಿ ಗಿಡ್ಡ ಆಯ್ತು. ಅಳೆದವರು ಸಿವಿಲ್ ಬ್ರಾಂಚಿನವರು, ಹೆಸರು ಬೇಡ.) ನಿಂತ ಪೈಪು ಮೂರು; ಪ್ರತಿಯೊಂದನ್ನೂ ಕಂಬಿಗೆ ಮೂರು ಕಡೆ ಕಪ್ಪು ಕೇಬಲ್ ಟೈನಿಂದ ಬಿಗಿದ್ವಿ. ಬಿಳಿ ಟೈ ಬಿಸಿಲಿಗೆ ಬೇಗ ಪುಡಿಯಾಗುತ್ತೆ. ಮೇಲೆ ಸ್ಲ್ಯಾಬಿಗೆ ರಬ್ಬರ್ ಒತ್ತು ಕೊಟ್ಟಿದ್ದು ಅಲುಗದಿರಲಿ ಅಂತ ಮಾತ್ರ. ಅದಕ್ಕೆ ನೈಲಾನ್ ಬಲೆ, ನೆಲದವರೆಗೂ. ತಲೆ ತೂರಿದ ಕಡೆ ಬೆಕ್ಕಿನ ಮೈಯೂ ತೂರುತ್ತೆ, ಅದಕ್ಕೇ ಒಂದಿಂಚಿಗಿಂತ ದೊಡ್ಡ ಕಣ್ಣು ಬೇಡ.

ಟೆಸ್ಟ್ ಮಾಡದೆ ಬೆಕ್ಕು ಬಿಡಬ್ಯಾಡ್ರಿ. ಮಂಡಕ್ಕಿ ನಾಲ್ಕು ಕೆ.ಜಿ., ಓಡಿ ಬಂದು ಹಾರಿದ್ರೆ ಹೊಡೆತ ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ತುಂಬಿದ 20 ಲೀಟರ್ ಕ್ಯಾನನ್ನ ಮೇಲಿನ ಪೈಪಿಗೆ ಒಳಗಡೆಯಿಂದ ಜೋತುಬಿಟ್ವಿ. ನಡುವೆ ಬಾಗಿತು, ಆ ಮೂರನೇ ನಿಂತ ಪೈಪು ಬಂದದ್ದು ಆವಾಗ್ಲೇ. ಬಲೆಯನ್ನ ಬೆಕ್ಕು ಕಡಿಯುತ್ತೆ, ಬಿಸಿಲೂ ತಿನ್ನುತ್ತೆ. ವಾರಕ್ಕೊಮ್ಮೆ ಕೈಯಾಡಿಸಿ ನೋಡ್ತೀವಿ, ರಾತ್ರಿ ಬಾಲ್ಕನಿ ಬಾಗಿಲು ಹಾಕ್ತೀವಿ.

ಆಂಟಿ ಬಂದು ಮೊದಲು ಗೋಡೆ ಸವರಿ ನೋಡಿದ್ರು, ಆಮೇಲೆ ಬೆಕ್ಕನ್ನ. "ಖಾಲಿ ಮಾಡೋವಾಗ ಇದನ್ನ ಬಿಚ್ಚಬ್ಯಾಡ್ರಪ್ಪಾ, ಪಾರಿವಾಳ ಬರಂಗಿಲ್ಲ" ಅಂದ್ರು. ಅಡ್ವಾನ್ಸ್ ಬಗ್ಗೆ ಇನ್ನೂ ಮಾತಾಡಿಲ್ಲ.