ಜಾವಾಸ್ಕ್ರಿಪ್ಟ್‌ನ ಆಡ್ಕೊಳ್ಳೋ ಮುಂಚೆ ಇದನ್ನ ಓದಿ

(1/5)
"ಜಾವಾಸ್ಕ್ರಿಪ್ಟೂ ಒಂದು ಲ್ಯಾಂಗ್ವೇಜಾ ಗುರು?" ಲ್ಯಾಬಲ್ಲಿ ಈ ಡೈಲಾಗ್ ಕೇಳಿ ಕೇಳಿ ಸಾಕಾಗಿದೆ. ಸಿ, ಜಾವಾ ಬರೆಯೋರು ಪ್ರೋಗ್ರಾಮರ್‌ಗಳು, ನಾವು ಬಟನ್‌ಗೆ ಬಣ್ಣ ಬಳಿಯೋರು! ಪೂರ್ತಿ ಓದಿ, ಆಮೇಲೆ ಕಾಮೆಂಟಲ್ಲಿ ಜಗಳ ಆಡೋಣ.

(2/5)
ವ್ಯತ್ಯಾಸ ಇರೋದು ಸಿಂಟ್ಯಾಕ್ಸಲ್ಲಿ ಅಲ್ಲ, ಕೋಡ್ ಓಡುವ ಜಾಗದಲ್ಲಿ. ಸರ್ವರಲ್ಲಿ ಓಡುವ ಜಾವಾ, ಪೈಥಾನ್‌ಗೆ ಎಷ್ಟು ರ್‍ಯಾಮ್, ಯಾವ ವರ್ಷನ್ ಅಂತ ನಾವೇ ಆರಿಸ್ತೀವಿ. (ನೋಡ್ ಬಂದ ಮೇಲೆ ಜಾವಾಸ್ಕ್ರಿಪ್ಟೂ ಸರ್ವರಲ್ಲಿ ಓಡುತ್ತೆ, ಗೊತ್ತು. ನಾನು ಹೇಳ್ತಿರೋದು ಬ್ರೌಸರ್ ಒಳಗಿನದು.) ಬ್ರೌಸರ್‌ನ ಸ್ಕ್ರಿಪ್ಟ್ ಗುರುತು ಪರಿಚಯ ಇಲ್ಲದವರ ಫೋನಿಗೆ ಹೋಗಿ, ಅವರ ಡೇಟಾ ಖರ್ಚು ಮಾಡಿ, ಅವರ ಬ್ಯಾಟರಿಯಲ್ಲಿ ಓಡುತ್ತೆ. ಅಲ್ಲಿ ನಮ್ಮ ಕೋಡ್ ಬರೀ ನೆಂಟ. ನೆಂಟ ಬಂದು ಬೀರು ತೆಗೆಯೋ ಹಾಗಿಲ್ಲ. ಅದಕ್ಕೇ ಕೇಳದೆ ಫೈಲ್ ಓದೋಕೆ, ಒಪ್ಪಿಗೆ ಇಲ್ಲದೆ ಕ್ಯಾಮೆರಾ ಆನ್ ಮಾಡೋಕೆ ಬ್ರೌಸರ್ ಬಿಡಲ್ಲ.

(3/5)
"ಟೈಪ್‌ಆಫ್ ನಲ್ ಕೇಳಿದ್ರೆ ಆಬ್ಜೆಕ್ಟ್ ಅನ್ನುತ್ತೆ" ಅಂತ ಮೀಮ್ ಹಾಕ್ತೀರಲ್ಲ? ಅದು ತಪ್ಪೇ, ಒಪ್ಕೋತೀನಿ. 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಬ್ರೆಂಡನ್ ಐಕ್ 10 ದಿನದಲ್ಲಿ ಇದರ ಮೊದಲ ರೂಪ ಬರೆದರು. ಆಗಿನ ತಪ್ಪು ಈಗಲೂ ಇದೆ. ಪೈಥಾನ್ 2008ರಲ್ಲಿ 3ನೇ ವರ್ಷನ್ ತಂದು, ಹಳೇ ಕೋಡ್ ತಿದ್ಕೊಳ್ಳಿ ಅಂತು. ಬ್ರೌಸರ್ ಹಾಗೆ ಹೇಳೋಕಾಗಲ್ಲ. ಇದನ್ನ ಸರಿ ಮಾಡಿದ್ರೆ, ಆ ತಪ್ಪನ್ನೇ ನಂಬಿಕೊಂಡಿರೋ ಹಳೇ ಪುಟಗಳು ಕೆಡ್ತವೆ. ಅವನ್ನ ತಿದ್ದೋಕೆ ಬರೆದವರು ಎಲ್ಲಿದ್ದಾರೋ!

(4/5)
ಈಗ ನಮ್ಮ ಪಾರ್ಟಿಯವರಿಗೆ. ಕಳೆದ ಸೆಮ್ ಮಿನಿ ಪ್ರಾಜೆಕ್ಟಲ್ಲಿ ಟಿಕೆಟ್ ಬೆಲೆಯ ಲೆಕ್ಕವನ್ನ ನಾನು ಬ್ರೌಸರಲ್ಲೇ ಮುಗಿಸಿದ್ದೆ. ಡೆಮೊ ದಿನ ಜೂನಿಯರ್ ಒಬ್ಬ ಎಫ್12 ಒತ್ತಿ, 500 ರೂಪಾಯಿನ 1 ಮಾಡಿ ಬುಕ್ ಮಾಡೇಬಿಟ್ಟ. ಸರ್ವರ್ ಸುಮ್ನೆ ತಲೆ ಆಡಿಸ್ತು. ಮಾನ ಹೋಯ್ತು, ಬುದ್ಧಿ ಬಂತು: ಕೋಡ್ ಯಾರ ಮಷೀನಲ್ಲಿ ಓಡುತ್ತೋ ಅವರೇ ಅದಕ್ಕೆ ಯಜಮಾನರು. ಬ್ರೌಸರಲ್ಲಿ ಮಾಡೋ ಚೆಕ್ ಬಳಸೋರ ಅನುಕೂಲಕ್ಕೆ, ಭದ್ರತೆಗಲ್ಲ. ಸರ್ವರಲ್ಲಿ ಮತ್ತೆ ಚೆಕ್ ಮಾಡಲೇಬೇಕು.

(5/5)
ಇನ್ನೊಂದು ಮಾತು. ಒಂದು ಮೆನು ತೆರೆಯೋಕೆ ಮೂರು ಲೈಬ್ರರಿ ತುಂಬೋದು ನಿಲ್ಲಿಸಿ. ನಿಮ್ಮ ಲ್ಯಾಪ್‌ಟಾಪಲ್ಲಿ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯೋ ಲೂಪ್, ಅಮ್ಮನ ಹಳೇ ಫೋನಲ್ಲಿ ಇಡೀ ಪುಟವನ್ನೇ ನಿಲ್ಲಿಸಿಬಿಡುತ್ತೆ, ಯಾಕಂದ್ರೆ ಸ್ಕ್ರಿಪ್ಟ್ ಓಡೋದೂ ಬಟನ್ ಕೆಲಸ ಮಾಡೋದೂ ಒಂದೇ ಥ್ರೆಡ್‌ನಲ್ಲಿ. ಸುಲಭದ ಲ್ಯಾಂಗ್ವೇಜ್ ಅಂತೀರಲ್ಲ, ಇವತ್ತು ನಿಮ್ಮ ಪ್ರಾಜೆಕ್ಟ್‌ನ ಆ ಫೋನಲ್ಲಿ ಒಮ್ಮೆ ತೆರೆದು ನೋಡಿ. ಆಮೇಲೆ ಬನ್ನಿ ಕಾಮೆಂಟಿಗೆ.

#ಜಾವಾಸ್ಕ್ರಿಪ್ಟ್ #ಕನ್ನಡದಲ್ಲಿಕೋಡಿಂಗ್