ಊರನ್ನೇ ಊಟಕ್ಕೆ ಕರೆಯುವ ಹೊಲ

ಎಳ್ಳಮಾವಾಸ್ಯೆಯ ಮಧ್ಯಾಹ್ನ ಭಾಲ್ಕಿಯ ಪೇಟೆಗೆ ಹೋದವರಿಗೆ ಒಂದು ಕಪ್ ಚಹಾ ಸಿಗುವುದೂ ಕಷ್ಟ. ಅಂಗಡಿಗಳು ಮುಚ್ಚಿರುತ್ತವೆ, ರಸ್ತೆಗಳು ಬಿಕೋ ಎನ್ನುತ್ತಿರುತ್ತವೆ. ಯಾರೂ ಬಂದ್‌ಗೆ ಕರೆ ಕೊಟ್ಟಿರುವುದಿಲ್ಲ. ಊರಿಗೆ ಊರೇ ಹೊಲದ ಊಟಕ್ಕೆ ಹೋಗಿರುತ್ತದೆ.

ಮಾರ್ಗಶಿರ ಮಾಸದ ಕೊನೆಗೆ, ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಈ ಹಬ್ಬ ಬೀದರ ಜಿಲ್ಲೆಯವರಿಗೆ ಬಲು ದೊಡ್ಡದು. ಹಿಂಗಾರಿನ ಜೋಳ, ಕಡಲೆ ಹೊಲದಲ್ಲಿ ನಿಂತಿರುವ ಕಾಲವದು. ಬೆಳಗಿನ ಜಾವಕ್ಕೇ ಮನೆಮನೆಯಲ್ಲಿ ಭಜ್ಜಿ ಕುದಿಯುತ್ತದೆ. ಭಜ್ಜಿ ಎಂದರೆ ಇಲ್ಲಿ ಎಣ್ಣೆಯಲ್ಲಿ ಕರಿದ ಬಜಿಯಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಕಡಲೆ, ಶೇಂಗಾ, ಸೊಪ್ಪುಗಳನ್ನೆಲ್ಲ ಸೇರಿಸಿ, ಕಡಲೆಹಿಟ್ಟು, ಹುಣಸೆಹುಳಿ ಬೆರೆಸಿದ ಗಟ್ಟಿ ಪಲ್ಯ. ಜೊತೆಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಜ್ಜಿಗೆ ಹಾಕಿದ ಜೋಳದ ಅಂಬಲಿ. ಹೊಲದಲ್ಲಿ ದಂಟಿನ ಪುಟ್ಟ ಗುಡಿಸಲು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿದ ಮೇಲೆ ಪಂಕ್ತಿ.

ಈ ಪಂಕ್ತಿಯೇ ಹಬ್ಬದ ಜೀವ. ಹೊಲವಿದ್ದವರು ಇಲ್ಲದವರನ್ನು ಕರೆಯುವುದು ರೂಢಿ. "ನಾಳಿ ನಮ್ಮ ಹೊಲಕ್ಕ ಬರ್ರಿ, ಮಕ್ಕಳಿಗೂ ಕರಕೊಂಡು ಬರ್ರಿ" ಎಂದರೆ ಸಾಕು. ಶಾಲೆಯ ಮಾಸ್ತರರು, ಅಂಗಡಿಯವರು, ವರ್ಗವಾಗಿ ಬಂದ ನೌಕರರು, ಬೇರೆ ಜಾತಿ, ಬೇರೆ ಧರ್ಮದ ನೆರೆಯವರು ಎಲ್ಲರಿಗೂ ಒಂದೇ ಮರದ ನೆರಳು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ ಭಾಗಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು; ಇಂದು ಅವು ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿವೆ. ಅಲ್ಲಿಯೂ ಅದೇ ದಿನ ಜನ ಹೊಲಕ್ಕೆ ಹೋಗುತ್ತಾರೆ. ಮರಾಠಿಯಲ್ಲಿ ಅದು 'ವೇಳ ಅಮಾವಾಸ್ಯೆ'. ಹೆಸರು ಕನ್ನಡದಿಂದ ಬಂದದ್ದೆಂದು ಅಲ್ಲಿಯವರೇ ಹೇಳುತ್ತಾರೆ. ದೂರದ ಇಟಲಿಯ ಸಣ್ಣ ಊರುಗಳಲ್ಲೂ ತಮ್ಮ ಬೆಳೆಯ ಹೆಸರಿನಲ್ಲಿ 'ಸಾಗ್ರಾ' ಎಂಬ ಹಬ್ಬ ನಡೆಯುತ್ತದೆ. ಉದ್ದನೆಯ ಮೇಜುಗಳಲ್ಲಿ ಊರವರು ಒಟ್ಟಿಗೆ ಉಣ್ಣುತ್ತಾರೆ. ಅಲ್ಲಿ ಸಾಮಾನ್ಯವಾಗಿ ಊಟಕ್ಕೆ ಹಣ ಕೊಡಬೇಕು. ಇಲ್ಲಿ ಕರೆದವರ ಮಾತೇ ಚೀಟಿ.

ಈಗ ಊರಂಚಿನ ಹೊಲಗಳು ಪ್ಲಾಟುಗಳಾಗುತ್ತಿವೆ. ಜೋಳ ಬೆಳೆಯುವವರು ಕಡಿಮೆಯಾಗಿ, ಸೋಯಾ ಅವರೆ ಹೆಚ್ಚಿದೆ. ಪರೀಕ್ಷೆ ಹತ್ತಿರ ಬಂತು, ಟ್ಯೂಷನ್ ತಪ್ಪುತ್ತದೆ ಎಂದು ಮಕ್ಕಳನ್ನು ಮನೆಯಲ್ಲೇ ಬಿಟ್ಟು ಹೋಗುವ ತಂದೆ-ತಾಯಿಯರೂ ಇದ್ದಾರೆ. ಒಂದು ದಿನದ ಪಾಠವನ್ನು ಗೆಳೆಯನ ನೋಟುಬುಕ್ಕು ನೋಡಿ ಬರೆದುಕೊಳ್ಳಬಹುದು. ತೊಗರಿ ಗಿಡ ಯಾವುದು, ಕಡಲೆ ಗಿಡ ಯಾವುದು, ಅಪರಿಚಿತರ ಪಕ್ಕದಲ್ಲಿ ಕುಳಿತು ಹಂಚಿಕೊಂಡು ಉಣ್ಣುವುದು ಹೇಗೆ ಎಂಬುದು ಯಾವ ನೋಟುಬುಕ್ಕಿನಲ್ಲೂ ಇರುವುದಿಲ್ಲ.

ಕರೆ ಬಂದರೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಹೊಲವಿರುವ ಮನೆಯ ಮಕ್ಕಳು ಹೊಲವಿಲ್ಲದ ಒಬ್ಬ ಸಹಪಾಠಿಯನ್ನಾದರೂ ಕರೆಯಬೇಕು.